ಹೊಸ ಫ್ಲ್ಯಾಟ್‌ಗೆ ಇಂಟೀರಿಯರ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ದುಡ್ಡು ಹಾಕಬೇಕು?

ಹೊಸಮನೆ_ಬನಶಂಕರಿ

ಎಲ್ಲರಿಗೂ ನಮಸ್ಕಾರ. ಬನಶಂಕರಿ 6ನೇ ಹಂತದಲ್ಲಿ ಒಂದು 3 ಬಿಎಚ್‌ಕೆ ಫ್ಲ್ಯಾಟ್ ತೊಗೊಂಡಿದ್ದೇವೆ. ಸುಮಾರು 1,400 ಚದರ ಅಡಿ. ಬಿಲ್ಡರ್ ಬೀಗದ ಕೈ ಕೊಟ್ಟಾಯಿತು, ಹಾಲುಕ್ಕಿಸಿದ್ದೂ ಆಯಿತು. ಈಗ ಇಂಟೀರಿಯರ್ ಕೆಲಸ. ಮನೆಯಲ್ಲಿ ನಾನು, ಹೆಂಡತಿ, ಅಪ್ಪ, ಅಮ್ಮ, ಎರಡನೇ ಕ್ಲಾಸ್ ಓದುವ ಮಗಳು.

ಮೂರು ಕಡೆ ಕೊಟೇಶನ್ ತೊಗೊಂಡೆವು. ಮೂರೂ ಹೆಚ್ಚುಕಮ್ಮಿ ಒಂದೇ ಥರ ಇವೆ. ಹಾಲ್ ಪೂರ್ತಿ ಫಾಲ್ಸ್ ಸೀಲಿಂಗ್, ಅದರೊಳಗೆ ಪ್ರೊಫೈಲ್ ಲೈಟ್ ಅನ್ನೋ ಉದ್ದ ಪಟ್ಟಿ ದೀಪ, ಟಿವಿ ಹಿಂದೆ ಮರದ ಪಟ್ಟಿಗಳ ಪ್ಯಾನೆಲ್, ದೇವರ ಮನೆಗೆ ಸಿಎನ್‌ಸಿ ಮಷಿನ್‌ನಲ್ಲಿ ಕೊರೆದ ಜಾಲರಿ, ಅಡುಗೆಮನೆಗೆ ಹೊಳೆಯುವ ಅಕ್ರಿಲಿಕ್. 3ಡಿ ಚಿತ್ರ ನೋಡೋಕೆ ಚೆನ್ನಾಗಿಯೇ ಇದೆ. ಆದರೆ ಅಮ್ಮ ಅದನ್ನ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಗ್ರೈಂಡರ್ ಎಲ್ಲಿಡೋದು?" ಮೂವರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮನೆ ಸ್ಟೈಲಾಗಿ ಕಾಣಬೇಕು ಅನ್ನೋ ಆಸೆ ನಮಗೂ ಇದೆ. ಜೊತೆಗೆ ಐದು ಜನ ಆರಾಮಾಗಿ ಇರಬೇಕು. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನ ಬಿಡಬಹುದು? ಇದೇ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತಿಪಟೂರು_ತೆಂಗು

ನಮ್ಮನೆಗೆ ಮಾಡಿಸಿ ಮೂರು ವರ್ಷ ಆಯಿತು. ನೋಡಿಕೊಂಡು ಬಂದದ್ದು ಇಷ್ಟು: ದಿನಾ ಕೈ ಮುಟ್ಟುವ ಜಾಗಕ್ಕೆ ಹಾಕಿದ ದುಡ್ಡು ದಿನಾ ನೆಮ್ಮದಿ ಕೊಡುತ್ತದೆ. ಡ್ರಾಯರ್, ಕಬ್ಜ, ನಲ್ಲಿ, ಬಾಗಿಲ ಹಿಡಿ. ಮೇಲೆ ಇರೋ ಬಣ್ಣ ಬದಲಾಯಿಸುವ ಪಟ್ಟಿ ಲೈಟ್‌ನ್ನ ಮಗನ ಹುಟ್ಟುಹಬ್ಬಕ್ಕೆ ಬಿಟ್ಟರೆ ಯಾರೂ ಹಾಕಲ್ಲ.

ಒಳಾಂಗಣ_ಮೈಸೂರು

ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ನಿಮ್ಮ ಅಮ್ಮ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸ ಕೆಲಸ ಒಪ್ಪಿಕೊಂಡಾಗ ನಾನು ಮೊದಲು ಹೋಗುವುದು ಖಾಲಿ ಫ್ಲ್ಯಾಟ್‌ಗೆ ಅಲ್ಲ, ಅವರು ಈಗ ಇರುವ ಮನೆಗೆ. ಹೋಗುವ ಮುಂಚೆ "ಏನೂ ಎತ್ತಿಡಬೇಡಿ, ಹೇಗಿದೆಯೋ ಹಾಗೇ ಇರಲಿ" ಅಂತ ಫೋನಲ್ಲಿ ಹೇಳಿರುತ್ತೇನೆ. ಚಪ್ಪಲಿ ಎಲ್ಲಿ ಬಿದ್ದಿವೆ, ಡೈನಿಂಗ್ ಟೇಬಲ್ ಮೇಲೆ ಏನು ಕೂತಿದೆ, ಯಾವ ಕುರ್ಚಿಯ ಮೇಲೆ ಬಟ್ಟೆ ರಾಶಿ, ಫ್ರಿಜ್ ತಲೆ ಮೇಲೆ ಏನಿದೆ, ಅಪ್ಪ ಪೇಪರ್ ಓದೋದು ಎಲ್ಲಿ, ಅವರ ಮಾತ್ರೆ ಡಬ್ಬಿ ಎಲ್ಲಿದೆ. ಇದನ್ನೆಲ್ಲ ಬರೆದುಕೊಳ್ಳುತ್ತೇನೆ. ಹೊರಗೆ ಬಿದ್ದಿರುವ ಪ್ರತಿ ಸಾಮಾನಿಗೂ ಆ ಮನೆಯಲ್ಲಿ ಜಾಗ ಇಲ್ಲ ಅಂತ ಅರ್ಥ. ಹೊಸ ಮನೆಯಲ್ಲೂ ಜಾಗ ಮಾಡದಿದ್ದರೆ ಅದೇ ಸಾಮಾನು ಹೊಸ ಸೋಫಾದ ಮೇಲೆ ಬಂದು ಕೂರುತ್ತದೆ. ಆಮೇಲೆ ಎಷ್ಟು ಲಕ್ಷದ ಪ್ಯಾನೆಲ್ ಇದ್ದರೂ ಕಾಣುವುದು ಆ ರಾಶಿಯೇ.

ಬೀರುವಿನ ಲೆಕ್ಕವೂ ಹೀಗೇ. ಸೀರೆ ಮಡಿಸಿಡುತ್ತೀರಾ, ನೇತು ಹಾಕುತ್ತೀರಾ? ಅಪ್ಪನ ಪಂಚೆ ಶರ್ಟು ಎಷ್ಟು? ಉದ್ದದ ಬಟ್ಟೆ ನೇತು ಹಾಕೋಕೆ 5 ಅಡಿ ಎತ್ತರ ಬೇಕು, ಶರ್ಟಿಗೆ ಮೂರೂವರೆ ಅಡಿ ಸಾಕು. ಆಳ 24 ಇಂಚು ಇರಲಿ. ಜಾಗ ಉಳಿಸೋಕೆ ಅಂತ 20 ಇಂಚು ಮಾಡಿದರೆ ಹ್ಯಾಂಗರ್ ಅಡ್ಡಡ್ಡ ನಿಂತು ಬಾಗಿಲೇ ಮುಚ್ಚಲ್ಲ. ಹೊದಿಕೆ, ಕಂಬಳಿ, ಸೂಟ್‌ಕೇಸ್, ಗೌರಿ ಹಬ್ಬದ ಸಾಮಾನು, ದಸರಾ ಗೊಂಬೆ ಪೆಟ್ಟಿಗೆ, ಇವಕ್ಕೆ ಮೇಲೆ ಅಟ್ಟ. ಗೊಂಬೆ ಕೂರಿಸುವ ಮನೆಯಾದರೆ ಆ ಒಂಬತ್ತು ದಿನ ಮೆಟ್ಟಿಲು ಎಲ್ಲಿ ಕಟ್ಟುತ್ತೀರಿ ಅಂತಲೂ ಕೇಳುತ್ತೇನೆ. ಆ ಗೋಡೆಗೆ ಭಾರದ ಫರ್ನಿಚರ್ ಇಡೋದಿಲ್ಲ.

ಎರಡನೆಯದು ಬೆಳಕು. ಖಾಲಿ ಫ್ಲ್ಯಾಟ್‌ಗೆ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಮೂರು ಗಂಟೆಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಹೋಗಿ ಸುಮ್ನೆ ನಿಂತು ನೋಡಿ. ಪಶ್ಚಿಮದ ಕಿಟಕಿ ಇದ್ದರೆ ಮಾರ್ಚ್, ಏಪ್ರಿಲ್ ಸಂಜೆ ಬಿಸಿಲು ನೇರವಾಗಿ ಒಳಗೆ ನುಗ್ಗುತ್ತದೆ. ಟಿವಿ ಅದರ ಎದುರು ಬಂದರೆ ಸ್ಕ್ರೀನ್ ಮೇಲೆ ಕಿಟಕಿಯೇ ಕಾಣುತ್ತದೆ. ಗೋಡೆ ಬಣ್ಣವನ್ನೂ ಶೇಡ್ ಕಾರ್ಡ್ ನೋಡಿ ಆರಿಸಬೇಡಿ. ಚಿಕ್ಕ ಡಬ್ಬಿ ತಂದು ಎರಡು ಅಡಿ ಚೌಕ ಬಳಿಸಿ, ಮೂರು ಹೊತ್ತೂ ನೋಡಿ. ಉತ್ತರದ ಬೆಳಕಿನ ರೂಮಲ್ಲಿ ತಿಳಿ ಬೂದು ಬಣ್ಣ ತಣ್ಣಗೆ, ನೀಲಿಯಾಗಿ ಕಾಣುತ್ತದೆ. ಅಲ್ಲಿಗೆ ಕೆನೆ ಬಣ್ಣ ಒಪ್ಪುತ್ತದೆ.

ರಾತ್ರಿಯ ಬೆಳಕಿಗೆ ನಮ್ಮಲ್ಲಿ ಜಾಸ್ತಿ ಜನ 6500 ಕೆಲ್ವಿನ್‌ನ ಬಿಳಿ ಬಲ್ಬ್ ಹಾಕುತ್ತಾರೆ. ಅಂಗಡಿಗೆ, ಆಫೀಸಿಗೆ ಸರಿ. ಮನೆಯಲ್ಲಿ ಆ ಬೆಳಕಿಗೆ ಮುಖ ಬಿಳಿಚಿಕೊಂಡು ಕಾಣುತ್ತದೆ, ಮರದ ಬಣ್ಣ ಸಾಯುತ್ತದೆ. ಕೆಲ್ವಿನ್ ಸಂಖ್ಯೆ ಕಮ್ಮಿ ಆದಷ್ಟೂ ಬೆಳಕು ಹಳದಿ. ಹಾಲ್, ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್. ಅಡುಗೆಮನೆ, ಮಗಳು ಓದುವ ಟೇಬಲ್‌ಗೆ 4000. ಡಬ್ಬಿಯ ಮೇಲೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನೋದರ ಅಳತೆ. 90 ಅಥವಾ ಅದಕ್ಕಿಂತ ಜಾಸ್ತಿ ಇರೋದನ್ನ ಹುಡುಕಿ. ರೇಷ್ಮೆ ಸೀರೆಯ ಕೆಂಪು ಕೆಂಪಾಗಿಯೇ ಕಾಣಬೇಕಾದರೆ ಅದು ಮುಖ್ಯ.

ಇವೆರಡು ಗೊತ್ತಾದ ಮೇಲೆ ಪ್ಲಾನ್. ಪ್ಲಾನ್ ಮುಗಿದ ಮೇಲೆ ವೈರಿಂಗ್. ವೈರಿಂಗ್ ಆದ ಮೇಲೆ ಮರದ ಕೆಲಸ. ಅಲಂಕಾರ ಕಟ್ಟಕಡೆಗೆ, ಮನೆಗೆ ಬಂದು ಒಂದೆರಡು ತಿಂಗಳು ಇದ್ದ ಮೇಲೆ. ನಿಮ್ಮ ಮೂರೂ ಕೊಟೇಶನ್ ಇದನ್ನ ತಿರುವುಮುರುವು ಮಾಡಿವೆ.

ಹೊಸಮನೆ_ಬನಶಂಕರಿ

ತುಂಬಾ ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಓದಿ ಹೇಳಿದೆ. ಅವರು ಕೇಳ್ತಿದ್ದಾರೆ, ಹಾಗಾದರೆ ಗ್ರೈಂಡರ್ ಎಲ್ಲಿ? ನಮ್ಮದು ಟಿಲ್ಟಿಂಗ್ ಗ್ರೈಂಡರ್, ಭಾರ ಇದೆ. ವಾರಕ್ಕೆ ಎರಡು ಸಲ ದೋಸೆ, ಇಡ್ಲಿಗೆ ರುಬ್ಬುತ್ತಾರೆ. ಅಡುಗೆಮನೆ 8 ಅಡಿಗೆ 10 ಅಡಿ, ಪಕ್ಕದಲ್ಲಿ ಯುಟಿಲಿಟಿ ಇದೆ.

ಒಳಾಂಗಣ_ಮೈಸೂರು

ಯುಟಿಲಿಟಿಯಲ್ಲಿ ಗ್ರೈಂಡರ್‌ಗೆ ಅಂತಲೇ ಒಂದು ತಗ್ಗಿನ ಕಟ್ಟೆ ಮಾಡಿಸಿ. ನೆಲದಿಂದ 24 ಇಂಚು, ಎರಡಡಿ ಅಗಲ, ಮೇಲೆ ಗ್ರಾನೈಟ್ ತುಂಡು. ಹಿಂದೆ ಪ್ಲಗ್, ಕೈಗೆಟುಕುವಷ್ಟು ಹತ್ತಿರ ನಲ್ಲಿ, ಕೆಳಗೆ ನೀರು ಹೋಗೋಕೆ ದಾರಿ. ಅಷ್ಟು ತಗ್ಗಿದ್ದರೆ ಅಮ್ಮ ನಿಂತುಕೊಂಡೇ ಮೇಲಿಂದ ಹಿಟ್ಟು ಸವರಿ ತೆಗೆಯಬಹುದು, ಕಲ್ಲು ಅಲ್ಲೇ ತೊಳೆಯಬಹುದು. ಗ್ರೈಂಡರ್ ಎತ್ತಿ ಇಳಿಸುವ ಕೆಲಸವೇ ಇಲ್ಲ. ಬೇಸನ್ ಇಡೋಕೆ ಪಕ್ಕದಲ್ಲಿ ಇನ್ನೊಂದು ಅಡಿ ಜಾಗ ಬಿಡಿ.

ಅಡುಗೆ ಕಟ್ಟೆಯ ಎತ್ತರ ಅಮ್ಮನನ್ನ ನಿಲ್ಲಿಸಿ ಅಳೆಯಿರಿ. ಮೊಣಕೈ ಮಡಚಿ ನಿಂತಾಗ ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಬರಬೇಕು. ಐದಡಿ ಎತ್ತರದವರಿಗೆ 32-33 ಇಂಚು ಆಗುತ್ತದೆ. ಹೆಂಡತಿ ಎತ್ತರ ಇದ್ದರೆ ಯಾರು ಜಾಸ್ತಿ ಹೊತ್ತು ನಿಲ್ಲುತ್ತಾರೋ ಅವರ ಅಳತೆ ತೊಗೊಳ್ಳಿ. ಕ್ಯಾಟಲಾಗಿನ ಎತ್ತರಕ್ಕೆ ಕಟ್ಟಿಸಿ ವರ್ಷಗಟ್ಟಲೆ ಭುಜ ಎತ್ತಿಕೊಂಡು ತರಕಾರಿ ಹೆಚ್ಚುವವರನ್ನ ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಕಟ್ಟೆಯ ಕೆಳಗೆ ಬಾಗಿಲಿನ ಕಪಾಟು ಬೇಡ, ಪೂರ್ತಿ ಡ್ರಾಯರ್ ಮಾಡಿಸಿ. ಒಲೆಯ ಕೆಳಗಿನ ಡ್ರಾಯರ್ ಹೇಗಿರಬೇಕು ಅಂತ ಹೇಳುತ್ತೇನೆ. ಮೇಲಿನದು 5 ಇಂಚು ಆಳ: ಸೌಟು, ಮೊಗಚುವ ಕೈ, ಇಕ್ಕಳ, ಒಗ್ಗರಣೆ ಡಬ್ಬಿ. ನಡುವಿನದು 9-10 ಇಂಚು: ಬಾಣಲೆ, ಹಂಚು, ದಿನದ ಪಾತ್ರೆ. ಕೆಳಗಿನದು 12 ಇಂಚಿಗಿಂತ ಜಾಸ್ತಿ: ಕುಕ್ಕರ್, ಇಡ್ಲಿ ಪಾತ್ರೆ. ಎಳೆದರೆ ಹಿಂದಿನ ಮೂಲೆಯವರೆಗೂ ಕಾಣುತ್ತದೆ. ಅಪ್ಪ ಅಮ್ಮನ ವಯಸ್ಸಿನವರು ಮಂಡಿಯೂರಿ ತಲೆ ಒಳಗೆ ಹಾಕಿ ಹುಡುಕೋದು ತಪ್ಪುತ್ತದೆ. ಡ್ರಾಯರ್ ಜಾರುವ ಲೋಹದ ಚಾನೆಲ್ ಕನಿಷ್ಠ 35 ಕೆಜಿ ತಡೆಯುವಂಥದ್ದು ಇರಲಿ, ತುಂಬಿದ ಪಾತ್ರೆ ಡ್ರಾಯರ್ ಭಾರ ಆಗುತ್ತದೆ. ಕೊಟೇಶನ್‌ನಲ್ಲಿ ದುಡ್ಡು ಜಾಸ್ತಿ ಮಾಡಬೇಕಾದ ಜಾಗ ಇದೊಂದೇ ಅಂದರೂ ಸರಿ.

ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿ. ಚಾಮರಾಜನಗರದ ಕಪ್ಪು ಕಲ್ಲನ್ನ ಹೊರದೇಶದವರು ಹುಡುಕಿಕೊಂಡು ಬರುತ್ತಾರೆ, ನಮಗೆ ಅದು ಪಕ್ಕದ ಜಿಲ್ಲೆ. ಅಮೃತಶಿಲೆ ಅಡುಗೆಮನೆಗೆ ಬೇಡವೇ ಬೇಡ. ಅದು ಸುಣ್ಣದ ಜಾತಿಯ ಕಲ್ಲು. ನಿಂಬೆ, ಹುಣಸೆ, ಮೊಸರು ಬಿದ್ದರೆ ಹೊಳಪು ತಿನ್ನುತ್ತದೆ, ಅರಿಶಿನ ಒಳಗೆ ಇಳಿಯುತ್ತದೆ. ಅಕ್ರಿಲಿಕ್ ಬದಲು ಮ್ಯಾಟ್ ಲ್ಯಾಮಿನೇಟ್ ಹಾಕಿದರೆ ಬೆರಳಿನ ಗುರುತು ಕಾಣಲ್ಲ, ಗೀರು ಬೀಳೋದೂ ಕಮ್ಮಿ, ದುಡ್ಡೂ ಉಳಿಯುತ್ತದೆ.

ಮರಗೆಲಸ_ಹುಬ್ಬಳ್ಳಿ

ಮೇಡಂ ಬರೆದದ್ದು ಖರೇ ಅದ. ನಮ್ಮ ಮನೆತನದ ಕೆಲಸ ಇದು, ಪ್ಲೈವುಡ್ ಬಗ್ಗೆ ನಾಲ್ಕು ಮಾತು ಹೇಳ್ತೀನಿ ನೋಡ್ರಿ.

ಕೊಟೇಶನ್‌ನಲ್ಲಿ ಬರೇ "ವಾಟರ್ ಪ್ರೂಫ್ ಪ್ಲೈ" ಅಂತ ಬರೆದಿದ್ದರೆ ಒಪ್ಪಬೇಡಿ. ಐಎಸ್ ಅಂದರೆ ಸರ್ಕಾರಿ ಗುಣಮಟ್ಟದ ನಂಬರ್. ಐಎಸ್ 710 ಅಂದರೆ ಮರೈನ್, ಅಂದರೆ ಬಿಡಬ್ಲ್ಯೂಪಿ, ಕುದಿಯೋ ನೀರೂ ತಡೀತದ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು. ಎಂಆರ್ ಅಂತ ಬರೆದದ್ದು ಗಾಳಿಯ ತೇವ ಮಾತ್ರ ತಡೀತದ, ನೀರು ತಡೆಯಲ್ಲ. ಅಡುಗೆಮನೆ, ಸಿಂಕ್ ಕೆಳಗೆ, ಬಾತ್‌ರೂಮ್ ಗೋಡೆಗೆ ಹೊಂದಿರೋ ಬೀರು, ಇಲ್ಲೆಲ್ಲಾ 710 ಬೇಕೇ ಬೇಕು. ಟಿವಿ ಯುನಿಟ್, ಮಂಚಕ್ಕೆ 303 ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಹಾಳೆ 8 ಅಡಿಗೆ 4 ಅಡಿ, ಕಪಾಟಿನ ಪೆಟ್ಟಿಗೆಗೆ 18 ಎಂಎಂ ದಪ್ಪ. ಹಾಳೆ ಮೇಲೆ ಐಎಸ್‌ಐ ಮುದ್ರೆ, ಲೈಸೆನ್ಸ್ ನಂಬರ್ ಇರತದ. ಹಾಳೆ ಇಳಿಸುವ ದಿವಸ ನೀವೇ ನಿಂತು ಫೋಟೋ ತೆಗೆದಿಟ್ಟುಕೊಳ್ಳಿ. ಕೊಯ್ದ ಅಂಚು ನೋಡ್ರಿ, ನಡುವೆ ಸಂದಿ ಕಾಣಬಾರದು. ಒಂದು ಸಣ್ಣ ತುಂಡು ತಂದು ಪಾತ್ರೆಯಲ್ಲಿ ಹಾಕಿ ಕುದಿಸಿ. 710ರ ಪರೀಕ್ಷೆಯಲ್ಲಿ 72 ಗಂಟೆ ಕುದಿಸ್ತಾರೆ, ಪದರ ಬಿಡಬಾರದು. ಮನೆಯಲ್ಲಿ ಮೂರು ನಾಲ್ಕು ತಾಸು ಕುದಿಸಿದರೂ ಕಳಪೆ ಮಾಲು ಅಲ್ಲೇ ಬಾಯಿ ಬಿಡತದ.

ಇನ್ನೊಂದು. ಅಂಚಿನ ಪಟ್ಟಿ. ಕೈಯಿಂದ ಅಂಟಿಸಿದ್ದು ಸಿಂಕ್ ಹತ್ತಿರ ಬೇಗ ಕಿತ್ತು ಬರತದ. ಮಷಿನ್‌ನಲ್ಲಿ ಒತ್ತಿಸಿದ್ದೇ ಹಾಕಿಸಿ. ಒಳಗಿನ ಹಿಂಭಾಗದ ಅಂಚಿಗೂ ಪಟ್ಟಿ ಇದೆಯಾ ಅಂತ ಕೈ ಆಡಿಸಿ ನೋಡ್ರಿ, ಅಲ್ಲೇ ನೀರು ಹೊಕ್ಕೋದು.

ಉಡುಪಿ_ಮಳೆಗಾಲ

ನಮ್ಮ ಕರಾವಳಿ ಕಡೆಯವರಿಗೆ ಒಂದು ಮಾತು. ಬೆಂಗಳೂರಿನ ವಿಡಿಯೊ ನೋಡಿ ಹಾಗೇ ಮಾಡಿಸಬೇಡಿ. ಹೊರಗಿನ ಗೋಡೆಗೆ ಬೀರು ಒತ್ತಿ ಕೂರಿಸಿದರೆ ಆಷಾಢದಲ್ಲಿ ಹಿಂದೆ ಪೂರ್ತಿ ಬೂಷ್ಟು. ಗೋಡೆಗೂ ಬೀರುವಿಗೂ ನಡುವೆ ಎರಡು ಇಂಚು ಗಾಳಿ ಬಿಡಬೇಕು, ಬಾಗಿಲಿಗೆ ಬೆತ್ತದ ಹೆಣಿಗೆ ಅಥವಾ ಪಟ್ಟಿ ಬಿಟ್ಟ ಶಟರ್ ಹಾಕಿಸಬೇಕು. ಒಳಗೆ ಗಾಳಿ ಆಡಿದರೆ ರೇಷ್ಮೆ ಉಳಿಯುತ್ತದೆ. ಸೋಫಾಗೆ ಚರ್ಮದಂತೆ ಕಾಣುವ ರೆಕ್ಸಿನ್ ಬೇಡ, ತೆಗೆದು ತೊಳೆಯುವ ಹತ್ತಿ ಕವರ್ ಒಳ್ಳೆಯದು. ಕಬ್ಬಿಣದ ಸ್ಕ್ರೂ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಅಂತ ಕೇಳಿ ಹಾಕಿಸಿ.

ವೈಟ್‌ಫೀಲ್ಡ್_ಟೆಕ್ಕಿ

ಎಲ್ಲಾ ಒಪ್ಪಿದೆ, ಆದರೆ ಒಂದು ವಿಷಯಕ್ಕೆ ನನ್ನ ವಿರೋಧ ಇದೆ. ನೀವು ಹೇಳ್ತಿರೋದೆಲ್ಲ ಬಾಳಿಕೆ, ಅನುಕೂಲದ ಮಾತು. ಪ್ರಶ್ನೆ ಕೇಳಿದವರು ಸ್ಟೈಲ್ ಕೂಡ ಬೇಕು ಅಂದಿದ್ದಾರೆ. ಸಾಲ ಮಾಡಿ ಮನೆ ತೊಗೊಂಡಿರ್ತೀವಿ, ಜೀವನದಲ್ಲಿ ಒಂದೇ ಸಲ. ನೋಡಿದರೆ ಕಣ್ಣಿಗೆ ಹಬ್ಬ ಆಗಬೇಕು ಅಲ್ವಾ? ಫಾಲ್ಸ್ ಸೀಲಿಂಗ್ ಇಲ್ಲದೆ, ಟಿವಿ ಗೋಡೆ ಇಲ್ಲದೆ ಹಾಲ್ ಬೋಳು ಬೋಳಾಗಿ ಕಾಣುತ್ತದೆ. ನಾನಂತೂ ಎರಡೂ ಮಾಡಿಸಿದೆ, ಇವತ್ತಿಗೂ ಇಷ್ಟ.

ಒಳಾಂಗಣ_ಮೈಸೂರು

ನಿಮಗೆ ಇವತ್ತಿಗೂ ಇಷ್ಟ ಅಂದರೆ ಅದು ನಿಮ್ಮ ಮನೆಗೆ ಸರಿಯಾಗಿಯೇ ಇದೆ. ಸ್ಟೈಲ್ ಬೇಕು, ನನ್ನ ಕೆಲಸವೇ ಅದು. ಅದು ಎಲ್ಲಿಂದ ಬರುತ್ತದೆ ಅನ್ನುವಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ.

ಫ್ಲ್ಯಾಟ್‌ಗಳ ಸೀಲಿಂಗ್ ಒಂಬತ್ತೂವರೆ ಅಡಿ ಆಸುಪಾಸು. ಫಾಲ್ಸ್ ಸೀಲಿಂಗ್ ಹಾಕಿದರೆ ಐದಾರು ಇಂಚು ಹೋಯಿತು. ಸಣ್ಣ ಹಾಲ್‌ನಲ್ಲಿ ಎತ್ತರವೇ ಅಂದ. ಬೀಮ್ ಅಡ್ಡ ಬಂದಿದ್ದರೆ, ಎಸಿ ಪೈಪ್ ಮುಚ್ಚಬೇಕಿದ್ದರೆ ಅಷ್ಟು ಭಾಗಕ್ಕೆ ಮಾತ್ರ ಹಾಕಿಸುತ್ತೇನೆ. ಬೆಳಕಿಗೆ ಗೋಡೆ ದೀಪ, ನಿಲ್ಲಿಸುವ ದೀಪ, ಟೇಬಲ್ ದೀಪ ಸಾಕು. ಕಣ್ಣಿನ ಮಟ್ಟದಲ್ಲಿ, ಅದಕ್ಕಿಂತ ಕೆಳಗೆ ಬೆಳಕು ಬಿದ್ದರೆ ಕೋಣೆಗೆ ಆಳ ಬರುತ್ತದೆ. ಮೇಲಿಂದ ಸಮನಾಗಿ ಸುರಿದರೆ ಎಲ್ಲಾ ಚಪ್ಪಟೆ.

ಅಂದದ ಮನೆ ಅಂದಾಗ ನಾನು ಯಾವಾಗಲೂ ನೆನೆಯುವುದು ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಮನೆ. ಕೊಲಂಬೊದ 33ನೇ ಲೇನ್‌ನಲ್ಲಿ ಸಾಲಾಗಿದ್ದ ನಾಲ್ಕು ಪುಟ್ಟ ಮನೆಗಳನ್ನ ಒಂದೊಂದಾಗಿ ಕೊಂಡು ಒಂದೇ ಮನೆ ಮಾಡಿಕೊಂಡರು. ಬಿಳಿ ಗೋಡೆ, ಬಿಳಿ ನೆಲ, ನಡುನಡುವೆ ಆಕಾಶಕ್ಕೆ ತೆರೆದ ಸಣ್ಣ ಸಣ್ಣ ಅಂಗಳ. ಉದ್ದದ ಓಣಿಯ ಕೊನೆಯಲ್ಲಿ ಕಣ್ಣು ನಿಲ್ಲೋಕೆ ಏನಾದರೂ ಒಂದು ವಸ್ತು. ಎಲ್ಲಿಂದಲೋ ಉಳಿಸಿ ತಂದ ಹಳೆ ಕಂಬ, ಹಳೆ ಬಾಗಿಲು. ಗೋಡೆ ಸುಮ್ಮನಿರೋದಕ್ಕೇ ಆ ಕಂಬ, ಬಾಗಿಲು ಕಣ್ಣಿಗೆ ಬೀಳೋದು. ನಮ್ಮ ತೊಟ್ಟಿ ಮನೆಗಳಲ್ಲೂ ಹಾಗೇ. ಸುಣ್ಣದ ಗೋಡೆ, ಗಾರೆ ನೆಲ, ಕೆತ್ತಿದ ಕಂಬ, ಮೇಲಿಂದ ಬೀಳುವ ಬಿಸಿಲು. ಅಷ್ಟೇ ಇರೋದು.

ಫ್ಲ್ಯಾಟ್‌ನಲ್ಲಿ ಇದನ್ನ ಹೀಗೆ ಮಾಡುತ್ತೇನೆ. ಇಡೀ ಮನೆಗೆ ಒಂದೇ ಗೋಡೆ ಬಣ್ಣ, ಒಂದೇ ಬಣ್ಣದ ಮರ, ಲೋಹ ಒಂದೇ, ಹಿತ್ತಾಳೆ ಅಂದರೆ ಎಲ್ಲೆಡೆ ಹಿತ್ತಾಳೆ. ಇದು ನೆಲೆ. ಇದರ ಮೇಲೆ ಪ್ರತಿ ಕೋಣೆಗೂ ಒಂದೇ ಒಂದು ಮಾತಾಡುವ ವಸ್ತು. ಅದಕ್ಕೆ ಮನಸ್ಸು ಬಿಚ್ಚಿ ಖರ್ಚು ಮಾಡಿ.

ಆ ವಸ್ತು ನಮ್ಮ ನಾಡಿನಲ್ಲೇ ಸಿಗುತ್ತದೆ, ನನಗೆ ಇದು ತುಂಬಾ ಇಷ್ಟದ ವಿಷಯ. ನವಲಗುಂದದ ಜಮಖಾನ ನೋಡಿದ್ದೀರಾ? ಧಾರವಾಡ ಜಿಲ್ಲೆಯದು, ಆ ಊರಿನದೇ ಅನ್ನುವ ಜಿಐ ಗುರುತು ಇದೆ. ಹೆಣ್ಣುಮಕ್ಕಳು ಮನೆಯಲ್ಲೇ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುತ್ತಾರೆ. ಗಾಢ ಕೆಂಪು, ಹಳದಿ, ಹಸಿರು, ಕಪ್ಪು. ನಡುವೆ ಪಗಡೆ ಹಾಸಿನ ಚೌಕ, ಅಂಚಿನಲ್ಲಿ ನವಿಲು. ನವಿಲಿನ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತದೆ, ಯಾಕೆಂದರೆ ಅದನ್ನ ಎಳೆ ಎಣಿಸಿ ಕೂರಿಸಿರುತ್ತಾರೆ. ಕೈಯಲ್ಲಿ ಹಿಡಿದರೆ ದಪ್ಪ, ಬಿಗಿ. ನೇಯುವ ಮನೆಗಳು ಈಗ ಕೆಲವೇ ಉಳಿದಿವೆ. ಬಿಳಿ ಗೋಡೆ, ಸಾದಾ ಸೋಫಾ ಇರುವ ಹಾಲ್‌ನಲ್ಲಿ ಇದನ್ನ ಹಾಸಿದರೆ ಟಿವಿ ಪ್ಯಾನೆಲ್ ಕಡೆ ಯಾರೂ ತಿರುಗಿಯೂ ನೋಡಲ್ಲ. ಸೋಫಾದ ಮುಂದಿನ ಕಾಲು ಜಮಖಾನದ ಮೇಲೆ ಬರುವಷ್ಟು ದೊಡ್ಡದು ತೊಗೊಳ್ಳಿ. ನಡುವೆ ಸಣ್ಣದು ಹಾಸಿದರೆ ಕೋಣೆಯೂ ಸಣ್ಣದಾಗಿ ಕಾಣುತ್ತದೆ.

ಗುಳೇದಗುಡ್ಡದ ಖಣ ಕುಶನ್‌ಗೆ ಸೊಗಸು. ಚನ್ನಪಟ್ಟಣದಲ್ಲಿ ಈಗ ಗೊಂಬೆಯ ಜೊತೆ ಡ್ರಾಯರ್ ಹಿಡಿ, ಬಟ್ಟೆ ಗೂಟ, ದೀಪದ ಕಂಬ ಎಲ್ಲಾ ಮಾಡುತ್ತಾರೆ. ಆಲೆ ಮರ, ಅರಗಿನ ಬಣ್ಣ. ಮಗಳ ಬೀರುವಿಗೆ ಆ ಹಿಡಿಗಳನ್ನೇ ಹಾಕಿಸಿ. ಸಾಗರದ ಕಡೆಯ ಹಸೆ ಚಿತ್ತಾರ ಗೊತ್ತಿರಬಹುದು, ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವುದು. ಬಾಗಿಲು ತೆಗೆದ ತಕ್ಷಣ ಎದುರಾಗುವ ಗೋಡೆಗೆ ಕಲಾವಿದರನ್ನ ಕರೆಸಿ, ಅವರು ಕೇಳಿದ ದುಡ್ಡು ಕೊಟ್ಟು ಬರೆಸಿ. ಪ್ರಿಂಟ್ ಹಾಕಿ ಅಂಟಿಸಬೇಡಿ.

ವೈಟ್‌ಫೀಲ್ಡ್_ಟೆಕ್ಕಿ

ಜಮಖಾನದ ಬಗ್ಗೆ ಗೊತ್ತೇ ಇರಲಿಲ್ಲ. ಹುಡುಕಿ ನೋಡಿದೆ, ಬಹಳ ಚೆನ್ನಾಗಿದೆ. ಸೀಲಿಂಗ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಆದರೆ ಇದನ್ನ ತರಿಸ್ತೀನಿ.

ಗಾರೆನೆಲ_ತೀರ್ಥಹಳ್ಳಿ

ನಮ್ಮಜ್ಜನ ಮನೆ ಕೆಂಪು ಗಾರೆ ನೆಲ ಇವತ್ತಿಗೂ ಮುಖ ಕಾಣುವಷ್ಟು ಹೊಳೆಯುತ್ತದೆ. ಫ್ಲ್ಯಾಟ್‌ನಲ್ಲಿ ಹಾಗೆ ಮಾಡಿಸಬಹುದಾ ಮೇಡಂ? ಆತಂಗುಡಿ ಟೈಲ್ಸ್ ಬಗ್ಗೆಯೂ ಹೇಳಿ.

ಒಳಾಂಗಣ_ಮೈಸೂರು

ಬಿಲ್ಡರ್ ಹಾಕಿದ ಟೈಲ್ಸ್ ಕಿತ್ತು ಗಾರೆ ಹಾಕಿಸೋಕೆ ಫ್ಲ್ಯಾಟ್‌ನಲ್ಲಿ ನಾನು ಹೇಳಲ್ಲ. ಸಿಮೆಂಟು, ರೆಡ್ ಆಕ್ಸೈಡ್ ಹದವಾಗಿ ಬೆರೆಸಿ, ಸರಿಯಾದ ಹೊತ್ತಿಗೆ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಬೇಕು. ಆ ಕೈ ಇರುವ ಮೇಸ್ತ್ರಿಗಳು ಕಮ್ಮಿ. ಅವಸರದಲ್ಲಿ ಮಾಡಿದರೆ ಬಿರುಕು, ಬಣ್ಣ ತೇಪೆ ತೇಪೆ. ಸ್ವಂತ ಮನೆ ಕಟ್ಟಿಸುವವರು, ಒಳ್ಳೆ ಮೇಸ್ತ್ರಿ ಸಿಕ್ಕರೆ, ಖಂಡಿತ ಹಾಕಿಸಿ. ಅದಕ್ಕಿಂತ ತಂಪಾದ ನೆಲ ನಾನು ನೋಡಿಲ್ಲ.

ಆತಂಗುಡಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಊರು. ಗಾಜಿನ ಹಲಗೆ ಮೇಲೆ ಅಚ್ಚಿಟ್ಟು ಬಣ್ಣ ಸುರಿದು, ಹಿಂದೆ ಮರಳು ಸಿಮೆಂಟು ತುಂಬುತ್ತಾರೆ. ಬೆಂಕಿಯಲ್ಲಿ ಸುಡೋದಿಲ್ಲ, ನೀರಲ್ಲಿ ನೆನೆಸಿ ಬಿಸಿಲಲ್ಲಿ ಒಣಗಿಸುತ್ತಾರೆ. ಮುಖ ಗಾಜಿನಷ್ಟು ನುಣುಪು ಇರೋದು ಆ ಗಾಜಿನಿಂದಲೇ. ಫ್ಲ್ಯಾಟ್‌ನಲ್ಲಿ ಬಾಲ್ಕನಿ ಅಥವಾ ದೇವರ ಮನೆ ನೆಲಕ್ಕೆ ಹಾಕಿದರೆ ಸಾಕು, ಆ ಒಂದು ಜಾಗವೇ ಇಡೀ ಮನೆಗೆ ಕಳೆ ಕೊಡುತ್ತದೆ. ಮಾಮೂಲಿ ಟೈಲ್ಸ್‌ಗಿಂತ ದಪ್ಪ ಇರೋದರಿಂದ ನೆಲದ ಮಟ್ಟ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಬಾಗಿಲು ತಾಗುತ್ತದೆ. ಅಡುಗೆಮನೆಗೆ ಬೇಡ, ಅರಿಶಿನ, ಹುಳಿ ಕಲೆ ಹಿಡಿಯುತ್ತದೆ. ಒರೆಸೋಕೆ ಆಸಿಡ್ ಮುಟ್ಟಿಸಬೇಡಿ. ಆಗಾಗ ಬಟ್ಟೆಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ವರ್ಷ ಕಳೆದಂತೆ ಹೊಳಪು ಜಾಸ್ತಿಯೇ ಆಗುತ್ತದೆ.

ಐಂಡ್‌ಹೋವನ್_ಕನ್ನಡತಿ

ದೀಪದ ವಿಷಯ ಓದಿ ಬರೆಯಬೇಕು ಅನ್ನಿಸಿತು. ಇಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಇವರ ಮನೆಗಳಲ್ಲಿ ಸೀಲಿಂಗ್ ಲೈಟ್ ಹಾಕೋದೇ ಅಪರೂಪ. ಕಿಟಕಿ ಕಟ್ಟೆ ಮೇಲೊಂದು, ಸೋಫಾ ಪಕ್ಕ ಒಂದು, ಪುಸ್ತಕದ ಕಪಾಟಿನ ಮೇಲೊಂದು, ಹೀಗೆ ಸಣ್ಣ ಸಣ್ಣ ಹಳದಿ ದೀಪ. ಮೊದಲು ನನಗೆ ಕತ್ತಲೆ ಅನ್ನಿಸುತ್ತಿತ್ತು. ಈಗ ಊರಿಗೆ ಬಂದಾಗ ಟ್ಯೂಬ್‌ಲೈಟ್ ಕೆಳಗೆ ಕೂರೋಕೆ ಆಗಲ್ಲ. ಅತ್ತೆ ಮನೆಯ ಹಾಲ್‌ಗೆ ಎರಡು ಟೇಬಲ್ ದೀಪ ತಂದಿಟ್ಟೆ, ಮಾವ ಈಗ ಅದರ ಪಕ್ಕದಲ್ಲೇ ಕೂರ್ತಾರೆ.

ಬಾಡಿಗೆಮನೆ_ವಿಜಯನಗರ

ಸ್ವಂತ ಮನೆ ಇಲ್ಲದವರಿಗೆ ಏನಾದರೂ ಹೇಳಿ ಅಕ್ಕ. ಮೊಳೆ ಹೊಡೆಯೋಕೂ ಓನರ್ ಬಿಡಲ್ಲ. 2 ಬಿಎಚ್‌ಕೆ, ಬಜೆಟ್ ಕಮ್ಮಿ.

ಒಳಾಂಗಣ_ಮೈಸೂರು

ಬಾಡಿಗೆ ಮನೆಯಲ್ಲಿ ಹೊತ್ತುಕೊಂಡು ಹೋಗುವಂಥದ್ದಕ್ಕೆ ಮಾತ್ರ ಖರ್ಚು ಮಾಡಮ್ಮ. ಬಲ್ಬ್ ಬದಲಾಯಿಸು, ಹಳೆಯದನ್ನ ಎತ್ತಿಟ್ಟು ಹೋಗುವಾಗ ವಾಪಸ್ ಹಾಕು. ಎರಡು ದೀಪ, ಒಂದು ಒಳ್ಳೆ ಜಮಖಾನ, ಪರದೆ. ಪರದೆಯಲ್ಲಿ ಜಿಪುಣತನ ಬೇಡ: ಕಿಟಕಿ ಅಗಲದ ಎರಡರಷ್ಟು ಬಟ್ಟೆ ಇದ್ದರೇ ನೆರಿಗೆ ಬೀಳೋದು. ರಾಡ್ ಕಿಟಕಿಯ ನೆತ್ತಿಗೆ ಬೇಡ, ಸೀಲಿಂಗ್‌ನಿಂದ ಐದಾರು ಇಂಚು ಕೆಳಗಿರಲಿ, ಬಟ್ಟೆ ನೆಲದವರೆಗೆ ಬರಲಿ. ಕೋಣೆ ಎತ್ತರವಾಗಿ ಕಾಣುತ್ತದೆ. ಹಳೆ ರಾಡ್ ತೆಗೆಯಲು ಓನರ್ ಒಪ್ಪದಿದ್ದರೆ ಎರಡು ಗೋಡೆ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಹಗುರ ಹತ್ತಿ ಬಟ್ಟೆಗೆ ಸಾಕು. ಬಟ್ಟೆಗೆ ಚಿಕ್ಕಪೇಟೆಗೆ ಹೋಗು, ಮೀಟರ್ ಲೆಕ್ಕದಲ್ಲಿ ತಂದು ಟೈಲರ್ ಹತ್ತಿರ ಹೊಲಿಸು. ಮರದ ಹಳೆ ಬೆಂಚು, ಅಜ್ಜಿಯ ಟ್ರಂಕು ಏನಾದರೂ ಊರಲ್ಲಿದ್ದರೆ ತಂದಿಡು. ಹೊಸ ಟೀಪಾಯಿ ಬೇಕಾಗಲ್ಲ.

ಹೊಸಮನೆ_ಬನಶಂಕರಿ

ಮೂರು ದಿನ ಮನೆಯವರೆಲ್ಲ ಕೂತು ಇದನ್ನ ಓದಿದೆವು. ಫಾಲ್ಸ್ ಸೀಲಿಂಗ್ ಕೈ ಬಿಟ್ಟೆವು, ಎಸಿ ಪೈಪ್ ಇರುವ ಕಡೆ ಮಾತ್ರ. ಟಿವಿ ಪ್ಯಾನೆಲ್ ಇಲ್ಲ. ಆ ದುಡ್ಡು ಡ್ರಾಯರ್, 710 ಪ್ಲೈ, ಗ್ರೈಂಡರ್ ಕಟ್ಟೆಗೆ. ಅಮ್ಮನ ಮೊಣಕೈ ಅಳೆದಾಯಿತು, ಕಟ್ಟೆಯ ಎತ್ತರ 33 ಇಂಚು ಬಂತು. ಅಪ್ಪ ಬಾಲ್ಕನಿ ಪಕ್ಕದ ಮೂಲೆ ತಮ್ಮದು ಅಂತ ಹೇಳಿದ್ದಾರೆ, ಅಲ್ಲಿ ಒಂದು ಕುರ್ಚಿ, ಒಂದು ದೀಪ, ಮಾತ್ರೆಗೆ ಒಂದು ಡ್ರಾಯರ್.

ಇನ್ನೆರಡು ಪ್ರಶ್ನೆ. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾರೆ, ಅವರಿಗೆ ಏನು ಹೇಳಬೇಕು? ಕಂಟ್ರಾಕ್ಟರ್ ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ, ಕೊಡಬಹುದಾ?

ಮರಗೆಲಸ_ಹುಬ್ಬಳ್ಳಿ

ಅರ್ಧ ಕೊಡಬೇಡಿ. ಕೆಲಸದ ಹಂತಕ್ಕೆ ತಕ್ಕಂಗ ಕೊಡ್ರಿ. ಸ್ವಲ್ಪ ಮುಂಗಡ, ಪ್ಲೈ ಇಳಿದ ಮೇಲೆ ಒಂದು ಕಂತು, ಪೆಟ್ಟಿಗೆ ಕೂತ ಮೇಲೆ ಒಂದು, ಶಟರ್ ಹಾಕಿದ ಮೇಲೆ ಒಂದು. ಕಡೆಯ ಹತ್ತು ಪರ್ಸೆಂಟ್ ಎಲ್ಲಾ ಡ್ರಾಯರ್ ಎಳೆದು, ಎಲ್ಲಾ ಬಾಗಿಲು ಮುಚ್ಚಿ ನೋಡಿದ ಮೇಲೇ. ನಾವು ಕೆಲಸ ಮಾಡೋರೂ ಹಿಂಗೇ ಇಷ್ಟಪಡ್ತೀವಿ, ಲೆಕ್ಕ ಚೊಕ್ಕ ಇರತದ. ಪ್ಲೈ, ಲ್ಯಾಮಿನೇಟ್, ಕಬ್ಜ, ಚಾನೆಲ್, ಎಲ್ಲದರ ಬ್ರ್ಯಾಂಡ್, ನಂಬರ್ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಜಿಎಸ್‌ಟಿ ಸೇರಿಸಿ ಹೇಳಿದ ರೇಟೋ, ಬೇರೆಯೋ ಅಂತ ಮೊದಲೇ ಕೇಳ್ರಿ.

ಒಳಾಂಗಣ_ಮೈಸೂರು

ದುಡ್ಡಿನ ವಿಷಯದಲ್ಲಿ ಅವರು ಹೇಳಿದ್ದೇ ಸರಿ.

ಎಲೆಕ್ಟ್ರಿಷಿಯನ್ ಬರುವ ಮುಂಚೆ ಭಾನುವಾರ ಒಂದು ಚಾಕ್‌ಪೀಸ್ ತೊಗೊಂಡು ಹೋಗಿ. ಮಂಚ, ಸೋಫಾ, ಬೀರು, ಊಟದ ಟೇಬಲ್ ಎಲ್ಲದರ ಅಳತೆ ನೆಲದ ಮೇಲೆ ಬರೆಯಿರಿ. ಅದರ ನಡುವೆ ಐದು ಜನವೂ ಓಡಾಡಿ ನೋಡಿ. ಓಡಾಡುವ ದಾರಿ 3 ಅಡಿಗಿಂತ ಕಮ್ಮಿ ಎಲ್ಲೂ ಬೇಡ, ಅಪ್ಪ ಅಮ್ಮ ಇದ್ದಾರಲ್ಲ. ಆಮೇಲೆ ಗೋಡೆ ಮೇಲೆ ಪ್ಲಗ್ ಗುರುತು ಹಾಕಿ. ಮಂಚದ ಎರಡೂ ಬದಿಗೆ, ಹಾಸಿಗೆಯಲ್ಲಿ ಮಲಗಿದವರ ಕೈಗೆ ಸಿಗುವಷ್ಟು ಎತ್ತರದಲ್ಲಿ ಒಂದು ಸ್ವಿಚ್, ಒಂದು ಪ್ಲಗ್. ಅಮ್ಮ ಅಪ್ಪನ ಕೋಣೆಯಿಂದ ಬಾತ್‌ರೂಮ್‌ವರೆಗೆ ನೆಲದ ಹತ್ತಿರ ಸಣ್ಣ ರಾತ್ರಿ ದೀಪ. ಅಪ್ಪನ ಮೂಲೆಗೆ ದೀಪದ ಪ್ಲಗ್. ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಮಿಕ್ಸಿಗೊಂದು, ಕಾಫಿ ಮೇಕರ್‌ಗೊಂದು, ಜೊತೆಗೆ ಓವನ್, ಇಂಡಕ್ಷನ್‌ಗೆ 16 ಆಂಪ್‌ನದು ಬೇರೆ. ಗ್ರೈಂಡರ್ ಕಟ್ಟೆಯ ಪ್ಲಗ್‌ನ್ನ ನಲ್ಲಿಯಿಂದ ದೂರದ ಬದಿಗೆ, ನೀರು ಸಿಡಿಯದ ಎತ್ತರಕ್ಕೆ ಹಾಕಿಸಿ, ಮುಚ್ಚಳ ಇರುವಂಥದ್ದು. ಮೇಲಿನ ಕಪಾಟಿನ ಕೆಳಗೆ ಪಟ್ಟಿ ಲೈಟ್‌ಗೆ ವೈರ್ ಎಳೆಸಿ ಬಿಡಿ, ಇಲ್ಲದಿದ್ದರೆ ಹೆಚ್ಚುವಾಗ ನಿಮ್ಮ ನೆರಳೇ ತರಕಾರಿ ಮೇಲೆ ಬೀಳುತ್ತದೆ.

ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ, ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಟೇಪ್ ಹಿಡಿದು. ನಾಳೆ ಫೋಟೋ ತೂಗು ಹಾಕೋಕೆ ಡ್ರಿಲ್ ಮಾಡುವಾಗ ವೈರ್ ಎಲ್ಲಿದೆ ಅಂತ ಗೊತ್ತಿರುತ್ತದೆ. ಸೋಮವಾರದ ಗುರುತುಗಳ ಫೋಟೋ ಇಲ್ಲಿ ಹಾಕಿದರೆ ನಾನೂ ಒಂದು ಸಲ ನೋಡುತ್ತೇನೆ.

ಹೊಸಮನೆ_ಬನಶಂಕರಿ

ಖಂಡಿತ ಹಾಕುತ್ತೇನೆ ಮೇಡಂ. ಕಟ್ಟೆ ನಲ್ಲಿಯ ಎಡಕ್ಕೋ ಬಲಕ್ಕೋ ಅಂತ ಅಮ್ಮ ಆಗಲೇ ಕೇಳ್ತಿದ್ದಾರೆ.

ಒಳಾಂಗಣ_ಮೈಸೂರು

ಬಲಗೈಯವರಾದರೆ ಗ್ರೈಂಡರ್ ಬಲಕ್ಕೆ, ನಲ್ಲಿ ಎಡಕ್ಕೆ. ಎಡಗೈಯಲ್ಲಿ ನೀರು ಬಿಟ್ಟುಕೊಂಡು ಬಲಗೈಯಲ್ಲಿ ಹಿಟ್ಟು ಸವರುತ್ತಾರೆ. ಆದರೂ ಈಗಿನ ಮನೆಯಲ್ಲಿ ಅವರು ರುಬ್ಬುವಾಗ ಪಕ್ಕದಲ್ಲಿ ನಿಂತು ಒಂದು ಸಲ ನೋಡಿ, ಆಮೇಲೆ ಗುರುತು ಹಾಕಿ.